ಕಲ್ಲು, ಮ್ಯಾಲೆ ಮುಗಿಲು

ವಿಜಯಪುರದಿಂದ ಪಡುವಣಕ್ಕೆ ಹೋಗುವ ಬಸ್ಸು ಹತ್ತಿದಾಗಲೆಲ್ಲ ಎಡಗಡೆ ಕೂರಬೇಕೋ ಬಲಗಡೆಯೋ ಎಂಬುದು ನನಗೆ ಈ ವಯಸ್ಸಿನಲ್ಲೂ ಒಂದು ಸಂಭ್ರಮದ ಪ್ರಶ್ನೆ. ಮಾಘ ಮಾಸದ ಮುಂಜಾನೆ. ಸೂರ್ಯ ಆಗ್ನೇಯದ ಕಡೆ ಕೆಳಗೇ ಇರುತ್ತಾನೆ. ಬಲಗಡೆಯ ಕಿಟಕಿಗೆ ಕೂತರೆ ಬೆಳಕು ನೇರ ಬಿದ್ದ ಹೊಲಗಳು ಕಾಣುತ್ತವೆ. ಜೋಳದ ಒಂದೊಂದು ತೆನೆಯನ್ನೂ ಬೇರೆ ಮಾಡಿ ನೋಡಬಹುದು. ಎಡಗಡೆ ಕೂತರೆ ಬೆಳಕನ್ನು ಹಾಯಿಸಿಕೊಂಡು ನಿಂತ ಹೊಲಗಳು. ಗರಿ, ತೆನೆ, ಬದುವಿನ ಹುಲ್ಲು, ಎಲ್ಲದರ ಅಂಚಿಗೂ ಚಿನ್ನದ ನೂಲು ಎಳೆದಿರುತ್ತದೆ. ಆದರೆ ಎಡಗಡೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಊರಿನ ಮಂದಿ ಬಲಗಡೆ ಹಿಡಿಯುತ್ತಾರೆ. ನಾನು ಹೋಗುವಾಗ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಒಂದೇ ದಾರಿಯನ್ನು ಎರಡು ಸಲ ನೋಡುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ?

ಹೊರಗಿನಿಂದ ಬಂದ ಗೆಳೆಯರು ವಿಜಯಪುರದಲ್ಲಿ ನೋಡುವುದೆಲ್ಲ ಊರೊಳಗೇ ಇದೆ ಅಂದುಕೊಂಡಿರುತ್ತಾರೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನು ನೋಡಿ, ಮಧ್ಯಾಹ್ನ ಖಡಕ್ ರೊಟ್ಟಿ ಊಟ ಮಾಡಿ, ಸಂಜೆಯ ರೈಲಿಗೆ ಹೋಗಿಬಿಡುತ್ತಾರೆ. ಊರು ದಾಟಿ ಪಶ್ಚಿಮಕ್ಕೆ ಬಂದರೆ ತೊರವಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣವನ್ನು ಕಟ್ಟಿಸಲು ಶುರುಮಾಡಿದ್ದು ಇಲ್ಲಿಯೇ; 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ತೊರವೆ ರಾಮಾಯಣದ ಕುಮಾರ ವಾಲ್ಮೀಕಿ ಇಲ್ಲಿಯ ನರಸಿಂಹನ ಭಕ್ತ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದ ಮಂದಿ ಕುಡಿಯುತ್ತಿದ್ದ ನೀರು ಇದೇ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ಹರಿದು ಹೋಗುತ್ತಿತ್ತು. ಇಷ್ಟೆಲ್ಲ ಇರುವ ಊರನ್ನು ಬಸ್ಸು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಒಳಗಿದ್ದವರು ಯಾರೂ ಕತ್ತು ಹೊರಳಿಸುವುದಿಲ್ಲ. ಅವರ ಕತ್ತು ಹೊರಳುವುದು ಆಮೇಲೆ, ಹೊಲಗಳು ಶುರುವಾದ ಮೇಲೆ.

ಈ ಬಸ್ಸುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಇರುವುದು ಹೊಲ ನೋಡುತ್ತ ಆಡುವ ಮಾತುಕತೆಯ ಮೇಲೆ. ರುಮಾಲು ಸುತ್ತಿದ ಇಬ್ಬರು ಹಿರಿಯರು ಒಂದು ಸೀಟಿನಲ್ಲಿ ಕೂತಿದ್ದಾರೆ ಅನ್ನಿ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಐದು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಒಬ್ಬರು ಹೊರಗೆ ನೋಡುತ್ತಲೇ ಅನ್ನುತ್ತಾರೆ:

“ತಡಾ ಬಿತ್ಯಾನ ನೋಡ್ರಿ ಇಂವ.”

“ಹೌದ್ರಿ, ಹದಾ ಹೋದಮ್ಯಾಲ ಬಿತ್ಯಾನ. ತೆನಿ ಸಣ್ಣಾಗ್ಯಾವ.”

“ಮುಂದಿಂದು ನೋಡ್ರಿ, ಕಡ್ಲಿ ಹೆಂಗ ಬಂದೈತಿ. ಕಸ ಒಂದ ಕಡ್ಡಿ ಇಲ್ಲ. ಒಕ್ಕಲಿಗ ಅಂದ್ರ ಹಿಂಗಿರಬೇಕು.”

ಯಾರ ಹೊಲವೋ ಇಬ್ಬರಿಗೂ ಗೊತ್ತಿಲ್ಲ. ಆ ಹೊಲದ ಒಡೆಯನಿಗೆ ತನ್ನ ಬದುವಿನ ಪಕ್ಕ ತನ್ನನ್ನು ಹೊಗಳಿಕೊಂಡು ಒಂದು ಬಸ್ಸು ಹೋಯಿತೆಂದು ಎಂದೂ ಗೊತ್ತಾಗುವುದಿಲ್ಲ. ಬಸ್ಸು ಓಡುತ್ತಲೇ ಇರುತ್ತದೆ. ಒಂದೊಂದು ಹೊಲವೂ ಹತ್ತು ಸೆಕೆಂಡು ಕಣ್ಣೆದುರು ನಿಲ್ಲುತ್ತದೆ. ಅಷ್ಟರಲ್ಲೇ ಬಿತ್ತಿದ್ದು ಯಾವಾಗ, ಎಡೆ ಹೊಡೆದದ್ದು ಎಷ್ಟು ಸಲ, ಗೊಬ್ಬರ ಬಿದ್ದಿದೆಯೋ ಇಲ್ಲವೋ, ಮನೆಯಲ್ಲಿ ಅಣ್ಣತಮ್ಮಂದಿರು ಕೂಡಿ ಇದ್ದಾರೋ ಪಾಲಾಗಿದ್ದಾರೋ ಎಲ್ಲವನ್ನೂ ಹೇಳಿಬಿಡುತ್ತಾರೆ. ಪಾಲಾದದ್ದು ಹೇಗೆ ತಿಳಿಯಿತೆಂದು ನಾನೊಮ್ಮೆ ಕೇಳಿದ್ದೆ. “ಹೊಸಾ ಒಡ್ಡು ಹಾಕ್ಯಾರ ನೋಡ್ರಿ ನಡುಬರಕ. ಆ ಕಡಿ ಹರಗ್ಯಾರ, ಈ ಕಡಿ ಹರಗಿಲ್ಲ” ಎಂದರು. ನಾನು ಕಂಡದ್ದು ಹಸಿರು. ಅವರು ಕಂಡದ್ದು ಒಂದು ಮನೆ.

ನಮ್ಮ ಊರು ಡೋಣಿ ದಂಡೆಯ ಕಡೆ. ಮಹಾರಾಷ್ಟ್ರದ ಜತ್ತ ಕಡೆ ಹುಟ್ಟಿ ನಮ್ಮ ಜಿಲ್ಲೆಯನ್ನು ಅಡ್ಡ ಹಾಯ್ದು ಕೃಷ್ಣೆಯನ್ನು ಸೇರುವ ಹೊಳೆ ಅದು. ನೀರು ಸವುಳು. ಕುಡಿಯಲು ಬಾರದು, ಬೇಸಿಗೆಯಲ್ಲಿ ಹರಿಯುವುದೂ ಇಲ್ಲ, ಮಳೆ ಹೆಚ್ಚಾದರೆ ಹೊಲಗಳಿಗೆ ನುಗ್ಗುತ್ತದೆ. ಆದರೂ ಅದರ ಎರಡೂ ದಂಡೆಯ ಎರೆಭೂಮಿಯ ಮೇಲೆ ಜಿಲ್ಲೆಗೆ ಇರುವ ಅಭಿಮಾನ ಹೇಳತೀರದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುವ ಮಾತನ್ನು ನಾವು ತೊಟ್ಟಿಲಲ್ಲೇ ಕೇಳಿದವರು. ಎರೆಯ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟುಕೊಂಡು ಬಾಯಿ ತೆರೆದು ಕೂತಿರುತ್ತದೆ. ಮೊದಲ ಮಳೆಗಳನ್ನು ಸುಮ್ಮನೆ ನುಂಗುತ್ತದೆ. ಉತ್ತರಿ, ಹಸ್ತ ಮಳೆಗಳು ಒಲಿದರೆ ಕೂರಿಗಿ ಹೊಲಕ್ಕೆ ಹೋಗುತ್ತದೆ. ಆಮೇಲೆ ಒಂದು ಹನಿ ಬೀಳದಿದ್ದರೂ ಒಡಲಲ್ಲಿ ಇಟ್ಟುಕೊಂಡ ಹಸಿಯಿಂದಲೇ, ಚಳಿಗಾಲದ ಇಬ್ಬನಿಯ ಆಸರೆಯಲ್ಲೇ ಬಿಳಿಜೋಳವನ್ನು ತೆನೆಗೆ ತರುತ್ತದೆ. ಮಾಲದಂಡಿ ಜೋಳದ ರೊಟ್ಟಿ ತಿಂದವರಿಗೆ ಬೇರೆ ರೊಟ್ಟಿ ಒಗ್ಗುವುದು ಕಷ್ಟ. ಆ ಜೋಳದ ಹೊಲಕ್ಕೆ ಸುತ್ತಲೂ ನಾಲ್ಕು ಸಾಲು ಕುಸುಬಿ ಹಾಕುತ್ತಾರೆ. ಮುಳ್ಳಿರುವುದರಿಂದ ದನ ಒಳಗೆ ಬರುವುದಿಲ್ಲ ಎಂಬುದು ಲೆಕ್ಕ. ಮಾಘದಲ್ಲಿ ಆ ಕುಸುಬಿ ಹೂಬಿಡುತ್ತದೆ. ಹಳದಿ, ಕೇಸರಿ, ಬಾಡುತ್ತ ಬಂದಂತೆ ಕೆಂಪು. ಬೇಲಿಗೆಂದು ಹಾಕಿದ್ದು ಇಡೀ ಹೊಲಕ್ಕೆ ಸೀರೆಯ ದಡಿಯಾಗಿ ನಿಲ್ಲುತ್ತದೆ.

ಇಂಥ ಎರೆಯಲ್ಲಿ ಬಾಳಿದ ನಮ್ಮ ಅಜ್ಜಿ, ಆಯಿಗೆ ತಿಕೋಟಾ ಆಚೆಯ ಸೀಮೆಯೆಂದರೆ ತಾತ್ಸಾರ. ತಿಕೋಟಾ, ಬಾಬಾನಗರ, ಬಿಜ್ಜರಗಿ, ಕನಮಡಿ, ಹೊನವಾಡ ಎಲ್ಲ ಆಕೆಯ ಲೆಕ್ಕದಲ್ಲಿ ಮಡ್ಡಿ. ಅಕ್ಕನಿಗೆ ಬಿಜ್ಜರಗಿಯ ಸಂಬಂಧ ಬಂದಾಗ ಆಯಿ ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಮನೆಯಲ್ಲಿ ಇವತ್ತಿಗೂ ಉಳಿದಿದೆ: “ಆ ಮಡ್ಡ್ಯಾಗ ಏನೈತೆವ್ವಾ? ಕೆಳಗ ಕಲ್ಲು, ಮ್ಯಾಲೆ ಮುಗಿಲು.” ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ದ್ರಾಕ್ಷಿ ಹಚ್ಚಿದ್ದಾರೆ ಎಂದು ಅಪ್ಪ ಹೇಳಿದರೆ, “ದ್ರಾಕ್ಷಿ ಹೊಟ್ಟಿ ತುಂಬತೈತೇನು? ಹಿಟ್ಟಾಗತೈತೇನು?” ಎಂದು ಕೇಳಿದಳು. ಅಕ್ಕನ ಮದುವೆ ಆಯಿತು. ಆಯಿ ಮಡ್ಡಿಗೆ ಹೋಗಲೇ ಇಲ್ಲ.

ನಾವು ಹೊಲದ ಹಾದಿಯಲ್ಲಿ ಮಾಡಿದ ಮೊದಲ ಪ್ರವಾಸಗಳು ಎಳ್ಳಮಾಸಿಯವು. ಕಾರಿನಲ್ಲಿ ಹೊಲಗಳ ನಡುವೆ ದೂರ ಹೋಗಿಬರುವುದು ಈಗಿನವರಿಗೆ ಹೊಸ ಹವ್ಯಾಸ. ನಮ್ಮ ಕಡೆಯ ಒಕ್ಕಲು ಮಕ್ಕಳಿಗೆ ಅದಕ್ಕೊಂದು ಹಬ್ಬವೇ ಇತ್ತು. ಎಳ್ಳಮಾಸಿಯ ಹಿಂದಿನ ದಿನದಿಂದ ಮನೆಯಲ್ಲಿ ಸಜ್ಜಿ ಕಡುಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಜೋಳದ ಬಾನ. ಮುಂಜಾನೆ ಎತ್ತುಗಳ ಮೈ ತೊಳೆದು, ಕೋಡಿಗೆ ರಿಬ್ಬನ್ ಕಟ್ಟಿ, ಚಕ್ಕಡಿಗೆ ಕಮಾನು ಹಾಕಿ ಹೊಲಕ್ಕೆ ಹೊರಟರೆ ದಾರಿಯುದ್ದಕ್ಕೂ ಚಕ್ಕಡಿಗಳ ಸಾಲು. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ. ಆಮೇಲೆ ಚರಗ. ಒಬ್ಬರು ಕೂಗುತ್ತ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತ ಮುಂದೆ, ಇನ್ನೊಬ್ಬರು ದನಿಗೂಡಿಸುತ್ತ ನೀರು ಹಾಕುತ್ತ ಹಿಂದೆ. ಇಡೀ ಹೊಲವನ್ನು ಸುತ್ತುತ್ತಾರೆ. ಬಸುರಿಯಾದ ಭೂಮಿಗೆ ಬಯಕೆಯ ಊಟ ಅದು.

ಆ ದಿನ ಯಾರೂ ಕೆಲಸ ಮಾಡುವುದಿಲ್ಲ. ಊಟವಾದ ಮೇಲೆ ಅಪ್ಪ, ಕಾಕಾ, ಸೋದರಮಾವಂದಿರೆಲ್ಲ ಬದುವಿನ ಮೇಲೆ ನಡೆಯುತ್ತಾರೆ. ನಮ್ಮ ಹೊಲ ಮುಗಿದ ಮೇಲೆ ನೆರೆಯವರ ಹೊಲ, ಅದರಾಚೆಯದು. ಕೈ ಹಿಂದಕ್ಕೆ ಕಟ್ಟಿಕೊಂಡು ಸುಮ್ಮನೆ ನೋಡುತ್ತ ಹೋಗುತ್ತಾರೆ. ಒಂದು ತೆನೆಯನ್ನು ಬಗ್ಗಿಸಿ, ಕಾಳು ಒತ್ತಿ, ಹಾಲು ಬಂತೇ ನೋಡಿ, ಬಿಟ್ಟುಬಿಡುತ್ತಾರೆ. “ಚಂದ ಬಂದೈತಿ” ಅನ್ನುತ್ತಾರೆ. ರೈತನಿಗೆ ಬೆಳೆ ಅಂದರೆ ಬರೀ ರೊಕ್ಕ, ಚೆಲುವನ್ನು ನೋಡುವುದು ಹೊಟ್ಟೆ ತುಂಬಿದ ಪೇಟೆಯವರ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ಎಳ್ಳಮಾಸಿಯ ಮಧ್ಯಾಹ್ನಕ್ಕೆ ಕರೆದುಕೊಂಡು ಹೋಗಲು ಸಿದ್ಧ. ವರ್ಷಕ್ಕೊಮ್ಮೆ ಇಡೀ ನಾಡೇ ಚಕ್ಕಡಿ ಕಟ್ಟಿಕೊಂಡು ಹಸಿರನ್ನು ನೋಡಲು ಹೋಗುವ ಹಬ್ಬವನ್ನು ಇಟ್ಟುಕೊಂಡವರು ಚೆಲುವಿನ ಬಗ್ಗೆ ಯಾರಿಂದಲೂ ಕಲಿಯಬೇಕಿಲ್ಲ.

ಎಳ್ಳಮಾಸಿ ಅಂದಕೂಡಲೇ ಅಕ್ಕ ನೆನಪಾಗುತ್ತಾಳೆ, ಏಕೆಂದರೆ ಮದುವೆಯಾದ ಮೇಲೆ ಆಕೆ ಆ ಹಬ್ಬಕ್ಕೆ ತವರಿಗೆ ಬರುವುದು ನಿಂತುಹೋಯಿತು. ದ್ರಾಕ್ಷಿಯವರಿಗೆ ಮಾರ್ಗಶಿರ ಮಾಸದಲ್ಲಿ ಬಿಡುವಿಲ್ಲ. ಅವರ ಪಂಚಾಂಗವೇ ಬೇರೆ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅದು ಕಡ್ಡಿಗೆ. ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ, ಅದು ಹಣ್ಣಿಗೆ. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಬೋಳಿಸಿ, ಒಂದೇ ಸಲ ಫಲ ಪಡೆಯುವ ಬೇಸಾಯ. ಎರಡನೇ ಚಾಟ್ನಿಯಾಗಿ ಚಿಗುರೊಡೆದು ಹೂವಿನ ಗೊಂಚಲು ಕಾಣಿಸುವ ಹೊತ್ತಿಗೆ ಮೋಡ ಕಟ್ಟಬಾರದು. ಮಳೆಯಂತೂ ಬರಲೇಬಾರದು. ಬಂದರೆ ಡೌನಿ ರೋಗ; ಎರಡು ರಾತ್ರಿಯಲ್ಲಿ ತೋಟ ಕೈಬಿಟ್ಟು ಹೋಗುತ್ತದೆ.

ಅದೇ ಅಕ್ಟೋಬರ್ ನಮ್ಮ ಎರೆಗೆ ಬಿತ್ತನೆಯ ಕಾಲ. ನಮ್ಮ ಮನೆಯ ಫೋನು ಆ ತಿಂಗಳಲ್ಲಿ ಪಡುವ ಸಂಕಟ ಅಷ್ಟಿಷ್ಟಲ್ಲ. ಅವ್ವ ಹಿಗ್ಗಿನಿಂದ “ಹಸ್ತಿ ಮಳಿ ಹಿಡಿದೈತಿ, ನಾಳೆ ಕೂರಿಗಿ ಹೂಡತಾರ” ಎಂದು ಹೇಳಲು ಬಾಯಿ ತೆರೆದರೆ ಆ ಕಡೆಯಿಂದ ಅಕ್ಕ, “ಅವ್ವಾ, ಮೋಡ ಸರೀವಲ್ದು, ನಿಮ್ಮ ಅಳಿಯ ರಾತ್ರಿ ಎಲ್ಲಾ ಔಷಧ ಹೊಡೀಲಿಕ್ಕೆ ಹತ್ಯಾರ” ಎನ್ನುತ್ತಾಳೆ. ಅವ್ವ ಕೂಡಲೇ ದನಿ ತಗ್ಗಿಸುತ್ತಾಳೆ. ಬಂದ ಮಳೆಯನ್ನು ಮಗಳೆದುರು ಮುಚ್ಚಿಡುತ್ತಾಳೆ. ಫೋನು ಇಟ್ಟಮೇಲೆ ದೇವರ ಮುಂದೆ ನಿಂತು ಆಕೆ ಬೇಡಿಕೊಳ್ಳುವುದನ್ನು ಕೇಳಿದ್ದೇನೆ: ಡೋಣಿಗೆ ಬರಲಿ, ಮಡ್ಡಿಗೆ ಬೇಡ. ನಡುವೆ ಇರುವುದು ಒಂದು ತಾಸಿನ ಬಸ್ ದಾರಿ. ಮೋಡಕ್ಕೆ ಅಷ್ಟು ಸೂಕ್ಷ್ಮವಾಗಿ ಗಡಿ ತೋರಿಸಿ ಬೇಡಿಕೊಂಡ ತಾಯಂದಿರು ಈ ಜಿಲ್ಲೆಯಲ್ಲಿ ಎಷ್ಟು ಮಂದಿಯೋ.

ತಿಕೋಟಾ ದಾಟಿದ ಮೇಲೆ ನೆಲ ಬಣ್ಣ ಬದಲಿಸುತ್ತದೆ. ಕಪ್ಪು ತೆಳುವಾಗುತ್ತ, ಕಂದಾಗುತ್ತ, ಕೊನೆಗೆ ಕಲ್ಲುಗಳೇ ಮೇಲೆದ್ದು ಬರುತ್ತವೆ. ಕೆಳಗಿರುವುದು ಇಡೀ ದಖನ್ನಿನ ಕರಿಕಲ್ಲೇ. ಎರೆಯಲ್ಲಿ ಅದರ ಮೇಲೆ ಆಳೆತ್ತರದ ಮಣ್ಣು ಕೂತಿದೆ, ಇಲ್ಲಿ ಒಂದು ಗೇಣು. ಆಯಿಯ ಮಾತಿನಲ್ಲಿ ತಪ್ಪೇನಿರಲಿಲ್ಲ, ಕೆಳಗೆ ಕಲ್ಲು, ಮೇಲೆ ಮುಗಿಲು. ಆದರೆ ಆ ಎರಡರ ಮೇಲೂ ಈ ಮಂದಿ ಎಷ್ಟು ಕೈಯಾಡಿಸಿದ್ದಾರೆ! ಹೊಲದಿಂದ ಆರಿಸಿದ ಕಲ್ಲುಗಳನ್ನು ಬದುವಿಗೆ ಒಟ್ಟಿದ್ದಾರೆ. ತಲೆಮಾರುಗಟ್ಟಲೆ ಒಟ್ಟಿದ ಆ ಸಾಲುಗಳು ಏರುಪೇರು ನೆಲದ ಮೇಲೆ ಬಾಗುತ್ತ, ಹೊರಳುತ್ತ, ದಿನ್ನೆ ಹತ್ತಿ ಇಳಿದು ಹೋಗುವುದನ್ನು ಕಿಟಕಿಯಿಂದ ನೋಡುತ್ತ ಕೂತರೆ ಇಲ್ಲಿ ಒಂದೊಂದು ಕಲ್ಲನ್ನೂ ಯಾರೋ ಬಗ್ಗಿ ಎತ್ತಿದ್ದಾರೆ ಎಂಬುದು ಮೈಗೆ ತಿಳಿಯುತ್ತದೆ. ಗುಮ್ಮಟದ ಕಲ್ಲನ್ನು ಕಡೆದವರಿಗೆ ಸುಲ್ತಾನ ಕೂಲಿ ಕೊಟ್ಟ. ಇವನ್ನು ಎತ್ತಿದವರಿಗೆ ಕೂಲಿ ಎಂದರೆ ಕಲ್ಲಿದ್ದ ಜಾಗದಲ್ಲಿ ಬೆಳೆದ ನಾಲ್ಕು ಕಾಳು. ನನ್ನ ಕಣ್ಣಿಗೆ ಎರಡನೆಯದೇ ದೊಡ್ಡ ಕಟ್ಟಡ.

ಮುಗಿಲಿನದೂ ಹಾಗೆಯೇ. ಮಡ್ಡಿಯಲ್ಲಿ ಮರ ಕಡಿಮೆ, ದಿನ್ನೆಗಳು ಗಿಡ್ಡ. ನೆತ್ತಿಯ ಮೇಲೆ ಮಾತ್ರವಲ್ಲ, ಮುಗಿಲು ಕಾಲ ಬುಡದವರೆಗೂ ಇಳಿದಿರುತ್ತದೆ. ಅದನ್ನು ಹಿಡಿಯಲು ಮಂದಿ ನೆಲದಲ್ಲಿ ಹೊಂಡ ತೋಡಿದ್ದಾರೆ. ಒಂದೊಂದು ತೋಟಕ್ಕೂ ಒಂದು ಕೃಷಿ ಹೊಂಡ, ಒಳಗೆ ಪ್ಲಾಸ್ಟಿಕ್ ಹಾಸು, ಸುತ್ತ ಏರಿ. ಬಸ್ಸು ದಿನ್ನೆಯ ಮೇಲೆ ಬಂದಾಗ ಒಮ್ಮೆಲೇ ನಾಲ್ಕೈದು ಹೊಂಡ ಕಾಣುತ್ತವೆ. ಅಷ್ಟು ತುಂಡು ಮುಗಿಲು ಕೆಳಗೆ.

ಆ ನೀರಿಗೆ ಒಂದು ಕತೆಯಿದೆ. ಅಕ್ಕ ಮದುವೆಯಾಗಿ ಹೋದ ಕಾಲಕ್ಕೆ ಬಿಜ್ಜರಗಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರು. ಕುಡಿಯುವುದಕ್ಕಷ್ಟೇ ಅಲ್ಲ, ಬಳ್ಳಿಗೂ ಟ್ಯಾಂಕರ್ ನೀರು. ಬೋರು ಕೊರೆಸಿ ಕೊರೆಸಿ ಸೋತು, ದುಡ್ಡು ಕೊಟ್ಟು ನೀರು ತರಿಸಿ, ಒಂದೊಂದು ಬುಡಕ್ಕೂ ಹನಿಹನಿಯಾಗಿ ಬಿಟ್ಟು ಬಳ್ಳಿಯ ಜೀವ ಉಳಿಸಿಕೊಂಡವರು ಇವರು. ಆ ವರ್ಷದ ಹಣ್ಣಿನ ಆಸೆ ಇರುತ್ತಿರಲಿಲ್ಲ. ಬಳ್ಳಿ ಸಾಯಬಾರದು, ಅಷ್ಟೇ. ಅಕ್ಕನ ಗಂಡ, ನಮ್ಮ ಮಾಮಾ, ಆ ದಿನಗಳ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಆಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿ ಬಂತು. ಜಮಖಂಡಿ ತಾಲ್ಲೂಕಿನ ಕವಟಗಿಯ ಹತ್ತಿರ ಕೃಷ್ಣೆಯ ನೀರನ್ನೆತ್ತಿ ಈ ಎತ್ತರದ ಸೀಮೆಗೆ ಹರಿಸಿದರು. ಕೆರೆಗಳಿಗೆ ನೀರು ಬಿಟ್ಟಮೇಲೆ ಬಾವಿ, ಬೋರುಗಳಲ್ಲೂ ಸೆಲೆ ಕಾಣಿಸಿತು. ಕೃಷ್ಣೆ ಮಡ್ಡಿ ಹತ್ತುತ್ತಾಳೆಂದು ಆಯಿಗೆ ಯಾರಾದರೂ ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ. ಹೊಳೆ ಇಳಿಯುವುದನ್ನಷ್ಟೇ ನೋಡಿದ ಕಾಲದವಳು ಆಕೆ.

ಅಕ್ಕನ ತೋಟದಲ್ಲಿರುವುದು ಥಾಂಪ್ಸನ್ ಮತ್ತು ಸೋನಾಕಾ. ಥಾಂಪ್ಸನ್ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬೆಳೆಸಿ ಹಬ್ಬಿಸಿದ ವಿಲಿಯಂ ಥಾಂಪ್ಸನ್ ಎಂಬಾತನ ಹೆಸರು. ಬಳ್ಳಿ ಮಾತ್ರ ಅವನದಲ್ಲ; ತುರ್ಕಿಯವರು ಸುಲ್ತಾನಾ ಎಂದೂ ಪಾರಸಿಯವರು ಕಿಶ್ಮಿಶ್ ಎಂದೂ ಕರೆಯುವ ಬೀಜವಿಲ್ಲದ ಹಳೆಯ ದ್ರಾಕ್ಷಿ ಅದು. ತಮ್ಮ ಮೂಲ ತುರ್ಕಿಯ ಸುಲ್ತಾನರ ಮನೆತನ ಎಂದು ಹೇಳಿಕೊಂಡ ಆದಿಲ್‌ಶಾಹಿಗಳು ಆಳಿದ ನೆಲಕ್ಕೆ ಅದೇ ಸೀಮೆಯ ಬಳ್ಳಿ ಅಮೆರಿಕವನ್ನು ಸುತ್ತಿ ಬಂದಿದೆ. ಬಂದದ್ದು ಅರಮನೆಗಲ್ಲ, ಮಡ್ಡಿಗೆ. ಸೋನಾಕಾ ಅದೇ ಥಾಂಪ್ಸನ್ನಿನ ಮಗಳು, ಸೊಲ್ಲಾಪುರ ಕಡೆಯ ರೈತರ ತೋಟದಲ್ಲಿ ತಾನಾಗಿ ಉದ್ದ ಕಾಯಿ ಬಿಟ್ಟು ಬೇರೆಯಾದದ್ದು. ಇವೆರಡಕ್ಕೂ ಕೆಳಗಿನ ಬೇರು ತಮ್ಮದಲ್ಲ. ಸವುಳು ನೀರು, ಬರ, ಕಲ್ಲುನೆಲ ಎಲ್ಲವನ್ನೂ ತಡೆದುಕೊಳ್ಳುವ ಟೆಕ್ಸಾಸಿನ ಡಾಗ್‌ರಿಜ್ ಎಂಬ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿ ಬೆಳೆಸುತ್ತಾರೆ. ಮಾಮಾ ಬುಡದಲ್ಲಿ ಕಸಿಯ ಗಂಟನ್ನು ತೋರಿಸಿ, “ಇಲ್ಲಿ ಮಟ ಅಮೆರಿಕಾ, ಇಲ್ಲಿಂದ ಮ್ಯಾಲೆ ನಮ್ಮ ಮನಿ” ಎಂದರು.

ಕಳೆದ ಸಲ ಹೋದಾಗ ನಾನು ಬಸ್ಸಿನಿಂದ ಇಳಿದದ್ದು ತೋಟಕ್ಕಲ್ಲ, ರ್ಯಾಕಿಗೆ. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡಿಗೆ ಇಲ್ಲಿ ರ್ಯಾಕ್ ಎಂದೇ ಹೆಸರು. ರಸ್ತೆಯಿಂದ ನೋಡಿದರೆ ಹಸಿರು ಜಾಳಿಗೆ ಸುತ್ತಿದ ಉದ್ದನೆಯ ತಗಡಿನ ಮಾಡು, ಅಷ್ಟೇ. ಈ ದಾರಿಯಲ್ಲಿ ಅಂಥವು ನೂರಾರು. ಚೆಲುವು ಹುಡುಕುವ ಕಣ್ಣು ಒಂದರ ಮೇಲೂ ನಿಲ್ಲುವುದಿಲ್ಲ. ಜಾಳಿಗೆ ಸರಿಸಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ.

ಒಂದರ ಮೇಲೊಂದು ಬಲೆಯ ಅಂತಸ್ತು, ತಲೆಗಿಂತ ಎತ್ತರಕ್ಕೆ. ಎಲ್ಲದರ ಮೇಲೂ ದ್ರಾಕ್ಷಿ. ಇವತ್ತು ಹಾಕಿದ್ದು ತಿಳಿಹಸಿರು. ಅದರಾಚೆ ನಾಲ್ಕು ದಿನದ್ದು, ಹಸಿರು ಹೋಗಿ ಜೇನುಬಣ್ಣಕ್ಕೆ ತಿರುಗುತ್ತಿರುವುದು. ಇನ್ನೂ ಆಚೆ ವಾರ ದಾಟಿದ್ದು, ಸುಕ್ಕುಗಟ್ಟಿ ಚಿನ್ನವಾದದ್ದು. ಮಾಡಿನ ಉದ್ದಕ್ಕೂ ಬಣ್ಣ ಒಂದರೊಳಗೊಂದು ಕರಗುತ್ತ ಹೋಗಿತ್ತು. ಪಕ್ಕದ ಜಾಳಿಗೆಯಿಂದ ಬಿಸಿಲು ಹನಿಹನಿಯಾಗಿ ಒಳಬಂದು ಒಂದೊಂದು ಹಣ್ಣಿನೊಳಗೂ ನಿಂತಿತ್ತು. ಗಾಳಿ ಆಚೆಯಿಂದ ಈಚೆ ಹಾಯುತ್ತಿತ್ತು, ಬೆಲ್ಲದ ಹದಕ್ಕೆ ಬಂದ ವಾಸನೆ, ಜೊತೆಗೆ ಎಲ್ಲೋ ಸಣ್ಣಗೆ ಗಂಧಕ. ಅಜಂತೆಯನ್ನೂ ನೋಡಿದ್ದೇನೆ, ಬಾದಾಮಿಯನ್ನೂ ನೋಡಿದ್ದೇನೆ. ಬಿಜ್ಜರಗಿಯ ಆ ತಗಡಿನ ಮಾಡಿನ ಕೆಳಗೆ ನಿಂತಷ್ಟು ಹೊತ್ತು ಬೇರೆಲ್ಲೂ ಮಾತಿಲ್ಲದೆ ನಿಂತದ್ದು ನೆನಪಿಲ್ಲ.

“ಏನ್ ನೋಡ್ತಿಯೋ ತಮ್ಮಾ, ಈ ಕಡಿ ಬಾ, ಬಟ್ಟಿಗಿ ಎಣ್ಣಿ ಹತ್ತತೈತಿ” ಎಂದು ಅಕ್ಕ ಕರೆದಳು. ಹೊರಗಿನ ಅಂಗಳದಲ್ಲಿ ಗೊನೆಗಳನ್ನು ಅದ್ದುವ ಕೆಲಸ ನಡೆದಿತ್ತು. ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕ್ರೇಟುಗಟ್ಟಲೆ ಹಣ್ಣು ಅದ್ದಿ ಎತ್ತುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಹೊರಟುಹೋಗುತ್ತದೆ. ಇಲ್ಲದಿದ್ದರೆ ಒಣಗಲು ತಿಂಗಳು ಹಿಡಿದು ಹಣ್ಣು ಕಪ್ಪಾಗುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ರೈತರು ಹಿಂದೆ ಇದನ್ನೇ ಬೂದಿಯ ನೀರು, ಆಲಿವ್ ಎಣ್ಣೆ ಬೆರೆಸಿ ಮಾಡುತ್ತಿದ್ದರು. ಅದ್ದಿದ್ದನ್ನು ನೆರಳಲ್ಲಿ ಎರಡು ವಾರ ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ.

ಮಧ್ಯಾಹ್ನ ಒಣಗಿದ ಸಾಲನ್ನು ಝಾಡಿಸಿದರು. ಮೇಲಿನ ಬಲೆಯನ್ನು ಹಿಡಿದು ಅಲುಗಾಡಿಸಿದರೆ ಮಣೂಕ ಕೆಳಗಿನ ಬಲೆಗೆ, ಅಲ್ಲಿಂದ ಅದರ ಕೆಳಗೆ, ಕೊನೆಗೆ ನೆಲದ ತಾಡಪತ್ರಿಗೆ ಸುರಿಯುತ್ತದೆ. ತಗಡಿನ ಕೆಳಗೆ ಆ ಸದ್ದು ತುಂಬಿಕೊಂಡಿತು. ಮಾಮಾ ನಕ್ಕು, “ಫೆಬ್ರುವರಿದಾಗ ನಮಗ ಈ ಮಳಿ ಒಂದ ಬೇಕು ನೋಡಪಾ” ಎಂದರು. ಕೂಲಿಗೆ ಬಂದ ಹೆಣ್ಣುಮಕ್ಕಳು ತಾಡಪತ್ರಿಯ ಸುತ್ತ ಕೂತು ಕಡ್ಡಿ, ಕಪ್ಪು ಕಾಳು ಆರಿಸತೊಡಗಿದರು. ಅವರ ಬೆರಳು ನೋಡುವುದೇ ಒಂದು ಹಬ್ಬ. ಮಾತು ಯಾವುದೋ ಮದುವೆಯದು, ನಗು ಬೇರೆ ಯಾವುದಕ್ಕೋ, ಬೆರಳಿಗೆ ಮಾತ್ರ ಎಲ್ಲವೂ ಗೊತ್ತು.

ಊರು ಚಿಕ್ಕದಾದರೂ ಬಿಜ್ಜರಗಿಯ ಹೆಸರು ದೂರ ಹೋಗಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 1940ರಲ್ಲಿ ಹುಟ್ಟಿದ್ದು ಈ ಊರಿನ ಒಕ್ಕಲು ಮನೆಯಲ್ಲಿ. ಹುಡುಗನಾಗಿದ್ದಾಗಲೇ ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಹಿಂದೆ ಹೋದವರು. ಜೇಬಿಲ್ಲದ ಬಿಳಿ ಅಂಗಿಯಲ್ಲಿ ಹಳ್ಳಿಹಳ್ಳಿ ಸುತ್ತಿ ತಿಂಗಳುಗಟ್ಟಲೆ ಪ್ರವಚನ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ನಾನು ಅವರ ಪ್ರವಚನ ಕೇಳಿದ್ದು ನಸುಕಿನಲ್ಲಿ, ಬಯಲಲ್ಲಿ, ಸಾವಿರಾರು ಮಂದಿಯ ನಡುವೆ. ಅಷ್ಟು ಮಂದಿ ಕೂತಿದ್ದರೂ ಗುಬ್ಬಿಯ ದನಿ ಕೇಳುತ್ತಿತ್ತು. ದೊಡ್ಡ ತತ್ವವನ್ನು ಹೇಳುತ್ತಿದ್ದವರು ನಡುವೆ ಬೆಳಗಿನ ಬಿಸಿಲಿನ ಬಗ್ಗೆ, ಒಂದು ಗಿಡದ ಬಗ್ಗೆ, ಹೊಲದಲ್ಲಿ ನಿಂತ ರೈತನ ಬಗ್ಗೆ ಮಾತಾಡುತ್ತ ಅಲ್ಲಿಯೇ ಉಳಿದುಬಿಡುತ್ತಿದ್ದರು. ಜಗತ್ತು ಚೆಲುವಾಗಿದೆ, ನೋಡಲು ಕಲಿಯಿರಿ ಎಂಬುದನ್ನು ಅವರಷ್ಟು ಸಮಾಧಾನದಿಂದ ಹೇಳಿದವರನ್ನು ನಾನು ಕಂಡಿಲ್ಲ. ಈ ಮಾತು ಮಲೆನಾಡಿನವರು ಹೇಳಿದ್ದರೆ ಅದಕ್ಕೆ ಅವರ ಕಾಡು, ಜಲಪಾತ ಕಾರಣವೆನ್ನಬಹುದಿತ್ತು. ಹೇಳಿದವರು ಟ್ಯಾಂಕರೂ ಇಲ್ಲದ ಕಾಲದ ಮಡ್ಡಿಯಲ್ಲಿ ಕಣ್ಣು ಬಿಟ್ಟವರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಗಟ್ಟಲೆ ಮಂದಿ ವಿಜಯಪುರಕ್ಕೆ ಬಂದರು. ಸಮಾಧಿ ಬೇಡ, ಸ್ಮಾರಕ ಬೇಡ, ದೇಹವನ್ನು ಬೆಂಕಿಗೆ ಕೊಟ್ಟು ಬೂದಿಯನ್ನು ನೀರಿಗೆ ಬಿಡಿ ಎಂದು ಮೊದಲೇ ಬರೆದಿಟ್ಟಿದ್ದರು. ಗುಮ್ಮಟಗಳ ಜಿಲ್ಲೆಯಲ್ಲಿ ಆ ಮಾತು ಬರೆದವರ ಮೇಲೆ ನನಗಿರುವ ಗೌರವ ದೊಡ್ಡದು.

ಅಕ್ಕನ ಮನೆಯ ಲೆಕ್ಕದ ಪುಸ್ತಕವನ್ನೂ ನಾನು ಬಲ್ಲೆ. ಔಷಧ, ಗೊಬ್ಬರ, ಕೂಲಿ, ಕ್ರೇಟು, ಶೀತಲಗೃಹದ ಬಾಡಿಗೆ, ಎಲ್ಲಕ್ಕೂ ಅಲ್ಲಿ ಒಂದು ಸಾಲು. ಮಣೂಕ ಮಾರುವ ತಾಸಗಾಂವದ ಪೇಟೆಯಲ್ಲಿ ದರ ಬಿದ್ದರೆ ವರ್ಷದ ದುಡಿಮೆ ಒಂದೇ ದಿನದಲ್ಲಿ ಹಗುರವಾಗುತ್ತದೆ. ಹಣ್ಣಾದ ಮೇಲೆ ಒಂದು ಆಲಿಕಲ್ಲು ಮಳೆ ಸಾಕು. ರ್ಯಾಕಿನ ಬಣ್ಣವನ್ನು ಕಂಡು ಮರುಳಾಗಿ ನಿಂತವನು ಇದನ್ನು ಮರೆತರೆ ಅವನು ನೋಡಿದ್ದು ಅರ್ಧ. ಹಾಗೆಂದು ಕಷ್ಟವನ್ನಷ್ಟೇ ಬರೆದು ಬಣ್ಣವನ್ನು ಬಿಟ್ಟರೂ ಅರ್ಧವೇ. ಸಂಜೆ ಕೆಲಸ ಮುಗಿದ ಮೇಲೆ ಮಾಮಾ ತೋಟದ ಸಾಲುಗಳ ನಡುವೆ ಹೊರಟರು. ನಾನೂ ಹಿಂದೆ ಹೋದೆ. ಕೊಯ್ಲು ಆಗಬೇಕಿದ್ದ ಒಂದು ತುಂಡು ಉಳಿದಿತ್ತು. ಚಪ್ಪರದ ಕೆಳಗೆ ಇಳಿಬಿದ್ದ ಗೊನೆಗಳನ್ನು ಅಂಗೈಯಿಂದ ಎತ್ತಿ, ಬೆಳಕಿಗೆ ಹಿಡಿದು, ಬಿಟ್ಟು ಮುಂದೆ ಹೋಗುತ್ತಿದ್ದರು. ಔಷಧದ ಕ್ಯಾನು ಕೈಯಲ್ಲಿರಲಿಲ್ಲ, ಕತ್ತರಿಯೂ ಇರಲಿಲ್ಲ. ಏನು ನೋಡುತ್ತಿದ್ದೀರಿ ಎಂದೆ.

“ಏನಿಲ್ಲಪಾ, ನಾಳೆ ಕೊಯ್ತೀವಲ್ಲ. ಇವತ್ತೊಂದ ದಿನ ನೋಡಬೇಕು.”

ರಾತ್ರಿ ಅಕ್ಕ ಅವ್ವನಿಗೆ ಫೋನು ಹಚ್ಚಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವ್ವ ಮಣೂಕದ ಕಾಲದಲ್ಲಿ ಬಿಜ್ಜರಗಿಗೆ ಬಂದಿಲ್ಲ, ಏಕೆಂದರೆ ಅದೇ ಹೊತ್ತಿಗೆ ಡೋಣಿಯಲ್ಲಿ ಜೋಳ ಕೀಳುವುದು, ರಾಶಿ ಮಾಡುವುದು. “ಅವ್ವಾ, ಈ ವರ್ಷರ ಬಾ. ತಮ್ಮ ಕಾರ್ ತರ್ತಾನಂತ” ಎಂದಳು ಅಕ್ಕ, ನನ್ನನ್ನು ಕೇಳದೆ.

ಆ ಕಡೆ ಅವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ರಾಶಿ ಆಗಲಿ ತಡಿ, ಬರ್ತೀನಿ. ಎರಡು ಚೀಲ ಜ್ವಾಳ ಹಾಕ್ಕೊಂಡ ಬರ್ತೀನಿ.”

“ಜ್ವಾಳ ಯಾಕವ್ವಾ, ಇಲ್ಲಿ ಸಿಗೂದಿಲ್ಲೇನು?”

“ಸಿಗತಾವ. ಅವು ಡೋಣಿ ಜ್ವಾಳಲ್ಲ. ನೀ ಎರಡು ಬುಟ್ಟಿ ಮಣೂಕ ತಗದಿಡು. ನಿಮ್ಮ ಕಾಕಾನ ಮನಿಗೂ ಕೊಡಬೇಕು. ಮತ್ತ ಕರೀವು ಹಾಕಬ್ಯಾಡ, ಬಂಗಾರ ಬಣ್ಣದ್ದ ಹಾಕು.”